ಬುಡ ಸುಡದ ಗೂಟ

ಕಳೆದ ವಾರ ಬಿಣಗಾ ದಾಟುವಾಗ ನಮ್ಮ ಕಂಪನಿ ಬಸ್ಸಿನೊಳಗೆ ಹೊಗೆ ತುಂಬಿತು. ಹೆದ್ದಾರಿ ಬದಿಯಲ್ಲಿ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ರಾಶಿ ಹಾಕಿದ್ದರು. ಮಳೆ ಬರುವುದರೊಳಗೆ ಕೆಲಸ ಮುಗಿಯಬೇಕಲ್ಲ, ಹಸಿಯನ್ನೇ ಸುಡುತ್ತಿದ್ದರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿ ಎಳೆದುಕೊಂಡರು. ನಾನು ಸುಮ್ಮನೆ ಕೂತಿದ್ದೆ. ಪಕ್ಕದವನು ನನಗೆ ನಿದ್ದೆ ಹತ್ತಿದೆ ಅಂದುಕೊಂಡು ನನ್ನ ಮೇಲಿಂದಲೇ ಕೈ ಚಾಚಿ ಕಿಟಕಿ ಮುಚ್ಚಿದ. ಅಷ್ಟರೊಳಗೆ ಹಸಿ ತೊಗಟೆ ಸುಟ್ಟ ವಾಸನೆ ಮೂಗಿನೊಳಗೆ ಹೋಗಿ ಕೂತಾಗಿತ್ತು. ನಾಲ್ಕು ವರ್ಷದ ಹಿಂದಿನ ಹಾರವಾಡದ ಒಂದು ಮಳೆಗಾಲ ಆ ವಾಸನೆಯ ಜತೆಗೆ ಬಸ್ ಹತ್ತಿ, ಕೈಗಾ ಬರುವ ತನಕ ಇಳಿಯಲಿಲ್ಲ.

ನಮ್ಮ ಮನೆ ಇರುವುದು ಹಾರವಾಡದಲ್ಲಿ, ಹೆದ್ದಾರಿಗೂ ಸಮುದ್ರಕ್ಕೂ ನಡುವೆ. ಅಪ್ಪ ಜೀವನವೆಲ್ಲ ಗದ್ದೆ ಮಾಡಿದವರು. ನಾನು ಕೈಗಾದ ಅಣುಸ್ಥಾವರದಲ್ಲಿ ಪಂಪು, ವಾಲ್ವು ನೋಡಿಕೊಳ್ಳುವ ಕೆಲಸದವನು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಉಳಿದ ಆಯುಷ್ಯದಲ್ಲಿ ಸಂಸಾರ. ಮನೆಯ ಪಶ್ಚಿಮಕ್ಕೆ, ದಂಡೆಯ ಕಡೆಗೆ, ಹತ್ತು ಗುಂಟೆಯಷ್ಟು ಹೊಯಿಗೆ ನೆಲವಿದೆ, ಬರೀ ಮರಳು. ಕಾಗದದಲ್ಲಿ ಅದು ನಮ್ಮದು. ಆದರೆ ಆ ನೆಲಕ್ಕೆ ವರ್ಷದಲ್ಲಿ ಇಬ್ಬರು ಯಜಮಾನರು. ಮಳೆಗಾಲದ ನಾಲ್ಕು ತಿಂಗಳು ನಾವು ಅದರಲ್ಲಿ ಹೀರೆ, ಸೌತೆ, ಬೆಂಡೆ ಬೆಳೆಯುತ್ತೇವೆ. ಮಳೆ ಕಳೆದ ಮೇಲೆ ಅಲ್ಲಿ ದೇವಕ್ಕ ಮೀನು ಒಣಗಿಸುತ್ತಾಳೆ.

ದೇವಕ್ಕನ ಮನೆ ಆ ನೆಲದಾಚೆ, ದಂಡೆಗೆ ತಾಗಿಕೊಂಡೇ ಇದೆ. ಗಂಡ ದೋಣಿಗೆ ಹೋಗುತ್ತಾನೆ, ಮೀನು ದಡಕ್ಕೆ ಬಂದ ಮೇಲೆ ರಾಜ್ಯಭಾರ ಅವಳದು. ಅವಳ ಅತ್ತೆಗೂ ನನ್ನ ಅಪ್ಪನಿಗೂ ಯಾವ ಕಾಲದಲ್ಲೋ ಆದ ಮಾತು ಇದು. ಬರವಣಿಗೆ ಇಲ್ಲ, ಬಾಡಿಗೆ ಇಲ್ಲ. ಪ್ರತಿ ವರ್ಷದ ಮೊದಲ ಒಣ ಸಿಗಡಿ ನಮ್ಮ ಅಡುಗೆಮನೆಗೆ ಬರುತ್ತಿತ್ತು, ಮೊದಲ ಹೀರೆಕಾಯಿ ಅವರ ಮನೆಗೆ ಹೋಗುತ್ತಿತ್ತು, ಅಷ್ಟೇ.

ಬರವಣಿಗೆ ಇರಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಬೇಲಿಯೇ ಬರವಣಿಗೆ. ಮಳೆಗಾಲದಲ್ಲಿ ದನ ನುಗ್ಗದ ಹಾಗೆ ಆ ನೆಲಕ್ಕೆ ಬೇಲಿ ಹಾಕಲೇಬೇಕು. ಆದರೆ ನಮ್ಮ ಕಡೆ ಬೇಲಿಯಲ್ಲಿ ಎರಡು ಜಾತಿ. ಕಾಯಂ ಗಡಿಗೆ ಹಸಿ ಗೂಟ ನೆಡುತ್ತಾರೆ, ಹಾಲವಾಣವೋ ಗೊಬ್ಬರದ ಗಿಡವೋ. ಅದು ಬೇರು ಬಿಟ್ಟು ಮರವಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೂ ಗಡಿ ಅಲುಗುವುದಿಲ್ಲ. ಹಂಗಾಮಿನ ಬೇಲಿಗೆ ಒಣಗಿದ ಗಾಳಿಮರದ ಗೂಟ. ಅದನ್ನು ನೆಡುವ ಮೊದಲು ಬುಡವನ್ನು ಬೆಂಕಿಯಲ್ಲಿ ಕಪ್ಪಾಗುವ ತನಕ ಸುಡುತ್ತಾರೆ. ಗೆದ್ದಲು ಹತ್ತಬಾರದು ಎಂಬುದು ಒಂದು ಕಾರಣ. ಇನ್ನೊಂದು, ಆಚೆಮನೆಯವರು ನೋಡಲಿ ಎಂಬುದು. ಬುಡ ಸುಟ್ಟ ಗೂಟ ಎಂದೂ ಬೇರು ಬಿಡುವುದಿಲ್ಲ. ಮಳೆ ಮುಗಿದ ಮೇಲೆ ಈ ಬೇಲಿ ಇಲ್ಲಿರುವುದಿಲ್ಲ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ. ಅಪ್ಪ ಪ್ರತಿ ವರ್ಷ ಈ ಕೆಲಸವನ್ನು ದೇವಕ್ಕನ ಮನೆಗೆ ಕಾಣುವ ಹಾಗೆ ಅಂಗಳದ ಆ ತುದಿಯಲ್ಲೇ ಕೂತು ಮಾಡುತ್ತಿದ್ದರು. ಅಲ್ಲೇ ಯಾಕೆ, ಇಲ್ಲಿ ನೆರಳಿದೆಯಲ್ಲ ಅಂತ ನಾನು ಸಣ್ಣವನಿದ್ದಾಗ ಕೇಳಿದ್ದೆ. ಅವರು ಇನ್ನೊಂದು ಗೂಟವನ್ನು ಬೆಂಕಿಗೆ ಒಡ್ಡಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಕಾಲೂರಲಾಗದೆ ಮಂಚ ಹಿಡಿದರು. ಬೇಲಿ ನನ್ನ ತಲೆಗೆ ಬಂತು. ಹಳೆ ಗೂಟಗಳೆಲ್ಲ ಮಾಡಿನ ಕೆಳಗೆ ಗೆದ್ದಲು ತಿಂದು ಟೊಳ್ಳಾಗಿದ್ದವು. ಗಾಳಿಮರ ತರಿಸಿ, ತುದಿ ಚೂಪು ಮಾಡಿ, ಬುಡ ಸುಟ್ಟು ನೆಡಲು ಎರಡು ದಿನ ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಭಾನುವಾರ. ಅದೇ ವಾರ ಮಳೆಯ ಮೊದಲ ಗಾಳಿಗೆ ರಸ್ತೆ ಬದಿಯ ದೊಡ್ಡ ಹಾಲವಾಣ ಉರುಳಿ ಬಿದ್ದಿತ್ತು. ಕೊಂಬೆಗಳು ಗೂಟಕ್ಕೆಂದೇ ಅಳತೆ ಮಾಡಿದ ಹಾಗಿದ್ದವು. ಕಡಿದು ಹೊತ್ತು ತಂದೆ, ಬುಡ ಯಾವುದು ತುದಿ ಯಾವುದು ನೋಡದೆ ನೆಲಕ್ಕೆ ಬಡಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಬೇಲಿ ಮುಗಿದಿತ್ತು. ನನ್ನ ಚುರುಕುತನವನ್ನು ನಾನೇ ಮೆಚ್ಚಿಕೊಂಡೆ.

ದೇವಕ್ಕ ಬುಟ್ಟಿ ಹಿಡಿದು ಹೋಗುತ್ತಿದ್ದವಳು ನಿಂತಳು. ನಾಲ್ಕು ಗೂಟಗಳನ್ನು ಕೈ ತೋರಿಸಿ ನಕ್ಕಳು. "ತಲೆ ಕೆಳಗೆ ಮಾಡಿ ನೆಟ್ಟಿದ್ಯಲ್ಲ ಗಣಪಾ. ಕೈಗಾದಲ್ಲೂ ಹಿಂಗೇ ಕೆಲ್ಸ ಮಾಡ್ತ್ಯಾ?" ಅಂದಳು. ನಾನೂ ನಕ್ಕೆ. ಆಮೇಲೆ ಅವಳ ಕಣ್ಣು ಗೂಟದ ಹಸಿರು ತೊಗಟೆಯ ಮೇಲೆ ನಿಂತಿತು. ಹಸಿಯದನ್ನು ಯಾಕೆ ನೆಟ್ಟೆ ಅಂತ ಕೇಳಿದಳು. ಕೈಗೆ ಸಿಕ್ಕಿದ್ದು ನೆಟ್ಟಿದ್ದೇನೆ, ಚವತಿಯೊಳಗೆ ಕಿತ್ತು ಹಾಕುತ್ತೇನೆ ಅಂದೆ. ಅವಳು ತಲೆಯಾಡಿಸಿ ಹೋದಳು.

ಒಳಗೆ ಬಂದರೆ ಅಪ್ಪ ಮಂಚದಿಂದ ಕೇಳಿದ್ದು ಒಂದೇ ಪ್ರಶ್ನೆ. "ಬುಡ ಸುಟ್ಟ್ಯಾ?"

"ಸುಟ್ಟೆ" ಅಂದೆ.

ಯಾಕೆ ಹಾಗಂದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಹಸಿವಾಗಿತ್ತು, ಬೆನ್ನು ನೋಯುತ್ತಿತ್ತು, ಉಪದೇಶ ಕೇಳುವ ತಾಳ್ಮೆ ಇರಲಿಲ್ಲ. ಮಂಚದಲ್ಲಿ ಮಲಗಿದವರಿಗೆ ಹೇಗೂ ಕಾಣುವುದಿಲ್ಲ ಎಂಬ ಧೈರ್ಯವೂ ಇತ್ತು. ಸುಳ್ಳು ಹೇಳಲು ಇಷ್ಟು ಸಾಕು.

ಮಳೆ ಹಿಡಿಯಿತು. ಮೂರನೇ ವಾರಕ್ಕೆ ಗೂಟಗಳ ಮೈಮೇಲೆಲ್ಲ ಮೊಗ್ಗಿನಂಥ ಗುಳ್ಳೆಗಳೆದ್ದು, ಜುಲೈ ಹೊತ್ತಿಗೆ ಅಗಲವಾದ ಎಳೆ ಎಲೆ ಬಂತು. ತಲೆಕೆಳಗಾದ ನಾಲ್ಕು ಕೊಳೆತವು, ಉಳಿದ ಇಪ್ಪತ್ತನಾಲ್ಕು ನಳನಳಿಸಿದವು. ಹೆಂಡತಿ ಸುಮಿತ್ರಾ ಅಪ್ಪನಿಗೆ ಊಟ ಬಡಿಸುವಾಗ ಮಾತಿನ ನಡುವೆ ಬೇಲಿ ಚಿಗುರಿದ್ದನ್ನು ಹೇಳಿಬಿಟ್ಟಳಂತೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರಂತೆ. ಸಂಜೆ ನಾನು ಬಸ್ಸಿಳಿದು ಬಂದಾಗ ಅವರು ಬೈಯಲಿಲ್ಲ. ಎಲೆ ಬಂತೆಂದು ಗಾಬರಿ ಬೇಡ, ಅದು ಕೊಂಬೆ ತನ್ನೊಳಗೆ ಮೊದಲೇ ಇಟ್ಟುಕೊಂಡ ಸಾರದಲ್ಲಿ ಬಂದ ಎಲೆ ಅಂದರು. ಬೇರು ನಿಧಾನಕ್ಕೆ ಬರುತ್ತದೆ, ಈಗ ಎಳೆದರೆ ಒಂದು ಕೈಯಲ್ಲಿ ಬರುತ್ತದೆ, ಈ ಭಾನುವಾರವೇ ತೆಗೆದು ಬೇರೆ ಗೂಟ ಹಾಕು ಅಂದರು. ಆಗಲಿ ಅಂದೆ.

ಆ ಭಾನುವಾರ ಡ್ಯೂಟಿ ಬಂತು. ವಾರ್ಷಿಕ ರಿಪೇರಿ ಶುರುವಾಗಿತ್ತು, ರಜೆ ಇರಲಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ಸುಳ್ಳಲ್ಲ. ಹೇಳದೆ ಉಳಿಸಿಕೊಂಡದ್ದು ಬೇರೆ ಇದೆ. ಅದೇ ದಿನಗಳಲ್ಲಿ ಅಂಕೋಲೆಯ ಒಬ್ಬ ಜಾಗದ ದಲಾಲಿ ಫೋನ್ ಮಾಡಿದ್ದ. ದಂಡೆಯ ಹತ್ತಿರ ಯಾರೋ ವಸತಿಗೃಹ ಕಟ್ಟುವವರು ಜಾಗ ಹುಡುಕುತ್ತಿದ್ದಾರೆ, ನಿಮ್ಮದಕ್ಕೆ ಒಳ್ಳೆ ಜೀವಂತ ಬೇಲಿ ಇದೆ, ಗಡಿಯ ತಕರಾರು ಇಲ್ಲ ಅನ್ನಿಸುತ್ತದೆ ಅಂದ. ಜಾಗ ಕೊಡುವುದಿಲ್ಲ ಅಂತ ನಾನು ಹೇಳಬಹುದಿತ್ತು. ಬಾಯಿಂದ ಬಂದದ್ದು "ನೋಡ್ವಾ" ಎಂಬ ಒಂದು ಮಾತು. ಕೊಡುವ ಮನಸ್ಸಿತ್ತೇ ಅಂದರೆ ಇರಲಿಲ್ಲ. ಒಂದಿಷ್ಟೂ ಇರಲಿಲ್ಲವೇ ಅಂದರೆ, ಅಪ್ಪನ ಆಪರೇಷನ್ ಆಗಿತ್ತು, ಮಗಳ ಕಾಲೇಜು ಮುಂದಿತ್ತು, ಆಸೆ ಮೂಲೆಯಲ್ಲಿ ಮುದುಡಿ ಕೂತಿತ್ತು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಆ ಬೇಲಿಯ ಬದಿಗೇ ನಡೆಯುತ್ತಿದ್ದೆ. ಎಲೆಗಳು ದೊಡ್ಡದಾಗುವುದು ಕಾಣುತ್ತಿತ್ತು. ನೋಡಲು ಚಂದವಿತ್ತು.

ನನಗೆ ಗೊತ್ತಿಲ್ಲದ್ದು ಏನೆಂದರೆ, ಆ ದಲಾಲಿ ಸುಮ್ಮನೆ ಕೂರುವವನಾಗಿರಲಿಲ್ಲ. ದೇವಕ್ಕನ ಮನೆಗೂ ಹೋಗಿ, ಗಣಪತಿಯವರ ಗಡಿ ಈ ಹಾಲವಾಣದ ಬೇಲಿಯೇ ಅಲ್ಲವೇ ಅಂತ ವಿಚಾರಿಸಿ ಬಂದಿದ್ದ.

ಚವತಿ ಬಂತು. ಪ್ರತಿ ವರ್ಷ ಪೂಜೆಯ ಮರುದಿನ ದೇವಕ್ಕ ಪ್ರಸಾದಕ್ಕೆ ಬಂದು, ಜಗುಲಿಯ ಮೇಲೆ ಕೂತು, ಅಪ್ಪನ ಜತೆ ಈ ವರ್ಷದ ಮೀನಿನ ಮಾತಾಡಿ, ಚಾ ಕುಡಿದು ಹೋಗುವುದು ವಾಡಿಕೆ. ಆ ಸಲ ಬರಲಿಲ್ಲ. ಸುಮಿತ್ರಾ ಪ್ರಸಾದ ಕಟ್ಟಿಕೊಂಡು ಅವರ ಮನೆಗೆ ಹೋಗಿ ಕೊಟ್ಟು ಬಂದಳು. ಬಂದವಳು, ಅವರು ಚೆನ್ನಾಗೇ ಮಾತಾಡಿಸಿದರು, ಆದರೆ ಏನೋ ಸರಿ ಇಲ್ಲ ಅಂದಳು. ಹೀರೆಬಳ್ಳಿ ಒಣಗಿತು, ಸೌತೆ ಮುಗಿಯಿತು. ಬೇಲಿ ಮಾತ್ರ ಹಸಿರಾಗಿ ನಿಂತಿತ್ತು.

ದಸರೆ ಕಳೆದು ನಾಲ್ಕಾರು ದಿನ. ಬೆಳಗಿನ ಬಸ್ಸು ಹೆದ್ದಾರಿಗೆ ಹತ್ತುವಾಗ ರಸ್ತೆಯ ಅಂಚಿನಲ್ಲಿ ನೀಲಿ ತಾಡಪತ್ರಿ ಹಾಸಿದ್ದು ಕಂಡಿತು. ಅದರ ತುಂಬ ಸಿಗಡಿ, ಬದಿಗೆ ಉಪ್ಪು ಹಾಕಿ ಸೀಳಿದ ಬಂಗಡೆ. ಲಾರಿಗಳು ಹಾದುಹೋದ ಹಾಗೆಲ್ಲ ಧೂಳು ಎದ್ದು ಅದರ ಮೇಲೆ ಬೀಳುತ್ತಿತ್ತು. ಕಾಗೆ ಓಡಿಸುತ್ತ ಕೋಲು ಹಿಡಿದು ನಿಂತವಳು ದೇವಕ್ಕ. ಬಸ್ಸಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು, ಹೆದ್ದಾರಿಯಲ್ಲೂ ಶುರು ಮಾಡಿದರು ನೋಡಿ ಅಂದರು. ಸಾಲಾಗಿ ಕಿಟಕಿಗಳು ಮುಚ್ಚಿಕೊಂಡವು. ಅವಳು ತಲೆ ಎತ್ತಿ ಬಸ್ಸಿನ ಕಡೆ ನೋಡಿದಳು. ನಾನೂ ಕಿಟಕಿ ಎಳೆದುಕೊಂಡೆ.

ಆ ದಿನ ನನ್ನಿಂದ ಕೆಲಸವಾಗಲಿಲ್ಲ. ಮರುದಿನ ರಜೆ ಹಾಕಿ ಬೇಲಿ ಕೀಳಲು ಹೋದೆ. ಮೊದಲ ಗೂಟವನ್ನು ಒಂದು ಕೈಯಲ್ಲಿ ಎಳೆದೆ, ಎರಡು ಕೈಯಲ್ಲಿ ಎಳೆದೆ, ಕಾಲು ಕೊಟ್ಟು ಎಳೆದೆ. ಅಲ್ಲಾಡಲಿಲ್ಲ. ಹಾರೆ, ಪಿಕಾಸಿ ತಂದು ಅಗೆದೆ. ಕೆಳಗೆ ನೋಡಿದ್ದನ್ನು ನಾನು ಮರೆಯಲಾರೆ. ಜೂನ್ ತಿಂಗಳಲ್ಲಿ ನಾನು ಬಡಿದಿದ್ದು ಬರೀ ಕೊಂಬೆ. ಅದರ ಕಡಿದ ಬುಡದ ಸುತ್ತ ಉಂಗುರದ ಹಾಗೆ ದಪ್ಪ ಕಟ್ಟಿ, ಅಲ್ಲಿಂದ ಬಿಳಿ ಬೇರುಗಳು ನಾಲ್ಕೂ ದಿಕ್ಕಿಗೆ ಹೊರಟಿದ್ದವು. ಹೂತ ಭಾಗದಲ್ಲಿ ಹಿಂದೆ ಎಲೆ ಇದ್ದ ಗಂಟುಗಳಲ್ಲೆಲ್ಲ ತೊಗಟೆ ಸೀಳಿಕೊಂಡು ಇನ್ನಷ್ಟು ಬೇರು. ನೆಲದ ಮೇಲೆ ಮಳೆಯ ಹನಿ ಮಣ್ಣು ಸಿಡಿಸಿ ಮೆತ್ತಿದ್ದ ಕಡೆಯಲ್ಲೂ ಅನ್ನದ ಅಗುಳಿನಂಥ ಬಿಳಿ ಗುಳ್ಳೆಗಳು ಎದ್ದು ಸಮಯ ಕಾಯುತ್ತಿದ್ದವು. ಎಷ್ಟೋ ಬೇರು ದೇವಕ್ಕನ ಮನೆಯ ಕಡೆಗೇ ಹೋಗಿತ್ತು. ಎಲೆಯಾಗಿ ಕೊಂಬೆಯಾಗಿ ಗಾಳಿಯಲ್ಲಿ ಇರಬೇಕಾದದ್ದು ಕತ್ತಲೆ ಮತ್ತು ತೇವ ಸಿಕ್ಕಿದ ಕೂಡಲೇ ಬೇರಾಗಿಬಿಡುತ್ತದೆ. ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಯಾರೂ ಅದನ್ನು ತಡೆಯದೆ ಇದ್ದರೆ ಸಾಕು. ನಾನು ಗುಂಡಿಯ ಬದಿಗೆ ಕೂತು ನನ್ನ "ನೋಡ್ವಾ" ಎಂಬ ಮಾತನ್ನು ನೆನೆದೆ. ನಾಚಿಕೆಯಾಯಿತು.

ಇಪ್ಪತ್ತನಾಲ್ಕು ಗೂಟ ಅಗೆದು ತೆಗೆಯಲು ಮೂರು ದಿನ ಹಿಡಿಯಿತು. ತೆಗೆದು ಮೂಲೆಯಲ್ಲಿ ರಾಶಿ ಹಾಕಿದರೆ, ಹಿಂಗಾರಿನ ಎರಡು ಜಡಿಮಳೆಗೆ ಅಲ್ಲೇ ಮಲಗಿದಲ್ಲೇ ಮತ್ತೆ ಚಿಗುರಿದವು. ಸುಡಲು ಹೋದರೆ ಹೊಗೆ ಬಂತೇ ಹೊರತು ಬೆಂಕಿ ಹತ್ತಲಿಲ್ಲ. ಹಸಿ ತೊಗಟೆಯ ಆ ಹೊಗೆ ಮನೆಯೊಳಗೆ ತುಂಬಿ, ಅಪ್ಪ ಮಂಚದಲ್ಲಿ ಕೆಮ್ಮುತ್ತಿದ್ದರು.

ದೇವಕ್ಕನ ಮನೆಗೆ ಹೋದೆ. ಕೂರಲು ಮಣೆ ಕೊಟ್ಟಳು, ನೀರು ಕೊಟ್ಟಳು. ಬೈದಿದ್ದರೆ ಸುಲಭವಿತ್ತು. ಬೇಲಿ ಕಿತ್ತಿದ್ದೇನೆ, ನಾಳೆಯಿಂದಲೇ ಬಾ ಅಂದೆ.

"ಕಿತ್ತದ್ದು ಕಂಡೆ" ಅಂದಳು. "ನೆಟ್ಟದ್ದೂ ಕಂಡಿದ್ದೆ."

ಮರೆತು ಹೋಯಿತು, ಡ್ಯೂಟಿ ಇತ್ತು, ಅಪ್ಪನ ಕಾಲು ಹೀಗಾಯಿತು ಎಂದು ನಾನು ಒಂದೊಂದೇ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬುಡ ಸುಡೂದು ಮರೀಬೌದು ಗಣಪಾ. ಮೂರು ತಿಂಗ್ಳು ಎಲೆ ಮರೀತದ್ಯಾ? ಇವತ್ತು ಕೀಳ್ತ, ನಾಳೆ ಕೀಳ್ತ ಅಂದ್ಕಂಡು ನಾ ದಿನಾ ನೋಡ್ತಿದ್ದೆ. ನೀ ಅದ್ರ ಬದಿಗೇ ನಡ್ದು ಬಸ್ಸಿಗೆ ಹೋದೆ. ಆಮೇಲೆ ಆ ಜಾಗದ ಮನ್ಶಾ ಬಂದ. ನಿನ್ನ ಹೆಸ್ರು ಹೇಳ್ದ." ನನ್ನ ಮುಂದಿನ ಖಾಲಿ ಲೋಟ ಎತ್ತಿಕೊಳ್ಳುತ್ತ, "ಇಲ್ಲಿ ಮೀನು ಒಣಗ್ಸೂದು ಬೇಡ ಅಂದ್ರೆ ಬೇಡ ಅಂತ ನಂಗೆ ಹೇಳ್ಬೇಕಿತ್ತು ನೀನು. ಜಾಗ ನಿಂದೇ ಅಲ್ವಾ? ನಾ ಜಗಳಕ್ಕೆ ಬತ್ತಿದ್ನಾ?" ಅಂದಳು.

ಜಾಗ ಕೊಡುವುದಿಲ್ಲ, ಆ ದಲಾಲಿಗೆ ಇವತ್ತೇ ಹೇಳುತ್ತೇನೆ ಅಂದೆ. ಅದು ನಿನ್ನ ವಿಚಾರ ಅಂದಳು. ಈ ವರ್ಷದ ಮಟ್ಟಿಗೆ ಹೆದ್ದಾರಿ ಬದಿಯೇ ಆಯಿತು, ಹೆಚ್ಚಿನದನ್ನು ಒಣಗಿಸದೆ ಹಸಿಯಾಗಿಯೇ ಕೊಟ್ಟುಬಿಡುತ್ತೇನೆ ಅಂತ ಬೇರೆಯವರ ಹತ್ತಿರ ಮಾತಾಗಿದೆ ಅಂದಳು. ಹಸಿ ಕೊಟ್ಟರೆ ಅವಳಿಗೆ ಏನೂ ಉಳಿಯುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ನಾನು ಎದ್ದು ಬಂದೆ.

ಅಪ್ಪನಿಗೆ ಎಲ್ಲ ಹೇಳಿದೆ, ಬುಡ ಸುಡದೆ ಸುಟ್ಟೆ ಅಂದದ್ದನ್ನೂ, ದಲಾಲಿಗೆ ಅಂದ ಮಾತನ್ನೂ. ಅವರು ಮಾಡಿನ ಹೆಂಚು ನೋಡುತ್ತ ಮಲಗಿದ್ದರು. "ಕಾಲು ಹೋತು, ಇರ್ಲಿ. ಮಾತು ಒಂದು ಉಳ್ದಿತ್ತು" ಅಂದರು.

ಆ ಚಳಿಗಾಲ ನೆಲ ಬರಿದಾಗಿ ಬಿದ್ದಿತ್ತು. ನನಗೆ ನೆನಪಿರುವ ಮಟ್ಟಿಗೆ ಅದು ಮೊದಲ ಸಲ. ಅಪ್ಪ ತಮ್ಮ ಮಂಚವನ್ನು ಪಶ್ಚಿಮದ ಕಿಟಕಿಗೆ ಹಾಕಿಸಿಕೊಂಡರು. ಹೊಯಿಗೆ ಬಿಸಿಲಿಗೆ ಬೆಳ್ಳಗೆ ಹೊಳೆಯುವುದನ್ನು ನೋಡುತ್ತ ಮಲಗಿರುತ್ತಿದ್ದರು. ಮನೆಯಲ್ಲಿ ಒಣ ಸಿಗಡಿಯ ಚಟ್ನಿ ಆಗಲಿಲ್ಲ. ಒಮ್ಮೆ ಅಂಕೋಲೆ ಸಂತೆಯಿಂದ ಸುಮಿತ್ರಾ ತಂದು ಹುರಿದಳು. ವಾಸನೆ ಬಂದ ಕೂಡಲೇ ಅಪ್ಪ, ದೇವಕ್ಕ ಬಂದಳೇ ಅಂತ ಕೇಳಿದರು. ಇಲ್ಲ, ಸಂತೆಯದು ಅಂದಳು ಸುಮಿತ್ರಾ. ಅಪ್ಪ ಊಟದಲ್ಲಿ ಅದನ್ನು ಬದಿಗೆ ಸರಿಸಿಟ್ಟರು. ದಲಾಲಿಗೆ ನಾನು ಖಡಾಖಂಡಿತವಾಗಿ ಇಲ್ಲ ಅಂದಿದ್ದೆ. ಅದರಿಂದ ಯಾರ ಮನಸ್ಸಿಗೂ ಏನೂ ಆದಂತೆ ಕಾಣಲಿಲ್ಲ. ನಾನು ಬೆಳಿಗ್ಗೆ ಬಸ್ಸಿನಲ್ಲಿ ಹೆದ್ದಾರಿಯ ಬದಿಯ ಆ ನೀಲಿ ತಾಡಪತ್ರಿ ಬರುವಾಗ ಕಿಟಕಿ ತೆರೆದೇ ಇಡುತ್ತಿದ್ದೆ. ಅವಳು ಮತ್ತೆ ಒಮ್ಮೆಯೂ ಬಸ್ಸಿನ ಕಡೆ ನೋಡಲಿಲ್ಲ.

ಮಾರನೇ ವರ್ಷ ಮೇ ಕೊನೆ. ಮೋಡ ಕಟ್ಟಿದ ಒಂದು ಭಾನುವಾರದ ಬೆಳಿಗ್ಗೆ. ಅಪ್ಪ ಅಷ್ಟು ಹೊತ್ತಿಗೆ ಕೋಲು ಹಿಡಿದು ಜಗುಲಿಯ ತನಕ ಬರುವಷ್ಟಾಗಿದ್ದರು. ಅವರ ಜತೆ ಕೂತು ಚಾ ಕುಡಿಯುತ್ತಿದ್ದೆ. ಈ ಸಲ ಆ ನೆಲದಲ್ಲಿ ಏನೂ ಹಾಕುವುದಿಲ್ಲ, ಬೇಲಿಯೇ ಬೇಡ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು. ಅಷ್ಟರಲ್ಲಿ ದೇವಕ್ಕ ತಲೆಯ ಮೇಲೆ ಒಂದು ಹೊರೆ ಹೊತ್ತುಕೊಂಡು ಬಂದಳು. ಗಾಳಿಮರದ ಗೂಟಗಳು. ಜಗುಲಿಯ ಕೆಳಗೆ ದಡ್ ಎಂದು ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೇಲೆ ಬಾ ಅಂತ ಅಪ್ಪ ಕರೆದರು. ಕೆಲಸವಿದೆ ಅಂದಳು.

"ಮಳೆ ಬಂತು. ಬೇಲಿ ಹಾಕು" ಅಂದಳು ನನಗೆ. ನಾನು ಬಾಯಿ ತೆರೆಯುವುದರೊಳಗೆ ಅವಳು ತಿರುಗಿ ಹೊರಟಾಗಿತ್ತು. ಅರ್ಧ ದಾರಿಯಲ್ಲಿ ನಿಂತು, ಹೀರೆ ಮೊದಲು ಬಿಟ್ಟದ್ದು ನನಗೆ ಬೇಕು ಅಂದಳು, ಅಪ್ಪನಿಗೆ.

ಅಪ್ಪ ಒಂದು ಗೂಟ ಕೊಡು ಅಂತ ಕೈ ಚಾಚಿದರು. ಎತ್ತಿ ಕೊಟ್ಟೆ. ತೊಗಟೆಯನ್ನೆಲ್ಲ ಸುಲಿದು ಒಣಗಿಸಿದ ಗೂಟ. ಅದರ ಬುಡವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು, ಬೆರಳು ಕಪ್ಪಾಯಿತು. ಸುಟ್ಟ ವಾಸನೆ ನನ್ನ ತನಕ ಬಂತು. ಅವರು ಗೂಟವನ್ನು ತಿರುಗಿಸಿ ಇನ್ನೊಂದು ತುದಿಯನ್ನೂ ಒತ್ತಿದರು. ಅದೂ ಸುಟ್ಟಿತ್ತು. ಇನ್ನೊಂದು ಕೊಡು ಅಂದರು, ಕೊಟ್ಟೆ. ಅದೂ ಹಾಗೇ. ನಾನು ಕೆಳಗಿಳಿದು ಹೊರೆ ಬಿಚ್ಚಿ ನೋಡಿದೆ. ಅಷ್ಟೂ ಗೂಟಗಳ ಎರಡೂ ತುದಿ ಕಪ್ಪಾಗಿದ್ದವು.

ಅಪ್ಪ ಆ ವರ್ಷದಲ್ಲಿ ಮೊದಲ ಸಲ ನಕ್ಕರು. ಕಣ್ಣಲ್ಲಿ ನೀರಿತ್ತು.

"ಅವಳಿಗೆ ನಿನ್ನ ಗುರ್ತ ಚಲೋ ಅದೆ" ಅಂದರು.

ಮಳೆ ಬರುವುದರೊಳಗೆ ನೆಟ್ಟು ಮುಗಿಸಿದೆ. ಹೇಗೆ ನೆಟ್ಟರೂ ಬೇರು ಬರುವಂತಿರಲಿಲ್ಲ.